ಸವಾರಿಯಿಂದ ಸೈಕಲ್ಲಿನ ಅಂದ ಕೆಡುವ ಕುರಿತು

ಗುಡ್ಡದಾರಿ ಉಸ್ತುವಾರಿ ಇಲಾಖೆ
(ಸೈಕಲ್ ಶಾಖೆ, ಮೇಲ್ಮಹಡಿ, ಲಿಫ್ಟ್ ಕೆಟ್ಟಿದೆ)

ಸುತ್ತೋಲೆ ಸಂಖ್ಯೆ: ಗುಉಇ/ಸೈಶಾ/ಗೀರು/ಪರಿಷ್ಕೃತದ ಪರಿಷ್ಕೃತ
ದಿನಾಂಕ: ಮೊಹರಿನ ಶಾಯಿ ಒಣಗಿದ ದಿನ

ವಿಷಯ: ಇಲಾಖೆಯ ಗುಡ್ಡದ ಸೈಕಲ್ಲುಗಳ ಪೆಡಲು, ಪೆಡಲು ಕೂರುವ ಕ್ರ್ಯಾಂಕು, ಫ್ರೇಮು, ಮುಂದಿನ ಚಕ್ರ ಹಿಡಿದ ಫೋರ್ಕು ಮುಂತಾದ ಭಾಗಗಳ ಮೇಲೆ ದಿನನಿತ್ಯದ ಸವಾರಿಯಿಂದ ಬೀಳುವ, ಓಟಕ್ಕೆ ಎಳ್ಳಷ್ಟೂ ಅಡ್ಡಿಯಾಗದ, ಆದರೆ ನೋಡಿದವರ ಹೊಟ್ಟೆ ಚುರ್ ಎನ್ನಿಸುವ ಗೀರು, ತರಚು ಮತ್ತು ಹೊಳಪುನಾಶದ ಬಗ್ಗೆ.

ಉಲ್ಲೇಖ:
(1) ‘ಸೈಕಲ್ಲನ್ನು ಹೊಸದರಂತೆ ಇಟ್ಟುಕೊಳ್ಳತಕ್ಕದ್ದು’ ಎಂಬ ಮೊದಲ ಸುತ್ತೋಲೆ.
(2) ‘ಹೊಸದರಂತೆ ಎಂಬಲ್ಲಿ ಹೊಸದೇ ಎಂದು ಓದಿಕೊಳ್ಳತಕ್ಕದ್ದು’ ಎಂಬ ತಿದ್ದುಪಡಿ.
(3) ದಾಸ್ತಾನು ಪಾಲಕಿಯವರ ಟಿಪ್ಪಣಿ, ಕೆಂಪು ಶಾಯಿಯಲ್ಲಿ.
(4) ದಾರಿ ಪರಿವೀಕ್ಷಕಿಯವರ ಮೌಖಿಕ ಮನವಿ, ಮೆಟ್ಟಿಲ ಮೇಲಿಂದ, ಎಲ್ಲ ಮಹಡಿಗೂ ಕೇಳುವಂತೆ.

ಪ್ರಸ್ತಾವನೆ

ಊರ ಹಿಂದಿನ ಗುಡ್ಡದ ಕಾಲುದಾರಿಗಳಲ್ಲಿ ಮರ ಬಿದ್ದಿದೆಯೇ, ಅಂಚು ಕುಸಿದಿದೆಯೇ, ಬಾಣದ ಹಲಗೆಯನ್ನು ಯಾರಾದರೂ ತಿರುಗಿಸಿಟ್ಟು ಜನರನ್ನು ಮುಳ್ಳುಪೊದೆಗೆ ಕಳಿಸುತ್ತಿದ್ದಾರೆಯೇ ಎಂದು ದಿನವೂ ನೋಡಿ ಬರುವುದು ಈ ಇಲಾಖೆಯ ಕೆಲಸವಾಗಿರುತ್ತದೆ. ಇಲಾಖೆಯಲ್ಲಿ ಬಹಳ ಜನ ಇದ್ದಾಗ್ಯೂ, ನೋಡಿ ಬರುವವರು ಒಬ್ಬರೇ ಆಗಿರುತ್ತಾರೆ. ಸದರಿ ದಾರಿ ಪರಿವೀಕ್ಷಕಿಯವರನ್ನು ಕಚೇರಿಯಲ್ಲಿ ‘ಸುಂಟರಗಾಳಿ’ ಎಂದು ಕರೆಯಲಾಗುತ್ತಿದ್ದು, ಈ ಹೆಸರನ್ನು ಇಟ್ಟವರು ಯಾರೆಂದು ವಿಚಾರಿಸಲಾಗಿ, ಎಲ್ಲರೂ ಎಂದು ತಿಳಿದುಬಂದಿರುತ್ತದೆ.

ಇಲಾಖೆಯು ಒಂದೇ ಬಣ್ಣದ, ಒಂದೇ ಅಳತೆಯ ಎರಡು ಹಸಿರು ಗುಡ್ಡದ ಸೈಕಲ್ಲುಗಳನ್ನು ತರಿಸಿತ್ತು. ಒಂದನ್ನು ಪರಿವೀಕ್ಷಕಿಯವರಿಗೆ ಕೊಡಲಾಯಿತು. ಕೊಟ್ಟ ದಿನ ಇವರು ಅದರ ಹ್ಯಾಂಡಲ್ಲಿಗೆ ಕೆನ್ನೆ ಒತ್ತಿ ನಿಂತಿದ್ದನ್ನು ಇಡೀ ಕಚೇರಿ ಕಿಟಕಿಯಿಂದ ನೋಡಿರುತ್ತದೆ. ಗುಡ್ಡವೆಂದರೆ ಇವರಿಗೆ ಪ್ರಾಣ. ಏರುವಾಗ ಏದುಸಿರು ಬಿಡುತ್ತ ಗುಡ್ಡಕ್ಕೆ ಬೈಯುವುದು, ಇಳಿಯುವಾಗ ಅದೇ ಗುಡ್ಡವನ್ನು ಹೊಗಳುವುದು, ಹಿಂದಿರುಗಿ ಬಂದು ಕಂಡಕಂಡವರಿಗೆಲ್ಲ ಎರಡನ್ನೂ ಕೈಕಾಲು ಆಡಿಸಿ ವರ್ಣಿಸುವುದು ಇವರ ನಿತ್ಯದ ಕರ್ತವ್ಯವಾಗಿದ್ದು, ಕೊನೆಯದಕ್ಕೆ ಯಾವುದೇ ಆದೇಶ ಇರುವುದಿಲ್ಲ.

ದಾಸ್ತಾನು ಪಾಲಕಿಯವರು ಪರಿವೀಕ್ಷಕಿಯವರ ಸೋದರತ್ತೆಯೂ ಆಗಿರುತ್ತಾರೆ. ಇಬ್ಬರದೂ ಒಂದೇ ಮನೆ, ಒಂದೇ ಅಡುಗೆ, ಊಟದ ಡಬ್ಬಿ ಮಾತ್ರ ಎರಡು. ಈ ಸಂಬಂಧವು ಪ್ರಕರಣದ ಮೇಲೆ ಯಾವುದೇ ಪ್ರಭಾವ ಬೀರಿಲ್ಲವೆಂದು ಇಬ್ಬರೂ ಬೇರೆಬೇರೆಯಾಗಿ, ಒಬ್ಬರ ಮುಖ ಒಬ್ಬರು ನೋಡದೆ, ದೃಢೀಕರಿಸಿರುತ್ತಾರೆ. ಪಾಲಕಿಯವರ ಉಗ್ರಾಣದಲ್ಲಿ ಹಳೆಯ ಬೀಗವೂ ಮುಖ ಕಾಣುವಷ್ಟು ಹೊಳೆಯುತ್ತದೆ. ಅಲ್ಲಿಂದ ಹೊರಗೆ ಹೋದ ವಸ್ತು ಹೋದ ಹಾಗೇ ಬರಬೇಕು ಎಂಬುದು ಅವರ ಒಂದೇ ಆಸೆ.

ಅದು ಹಾಗೆ ಬರಲಿಲ್ಲ.

ಗೀರು ಪತ್ತೆಯಾದ ಸಂಜೆ ಉಗ್ರಾಣದ ಕಿಂಡಿಯಲ್ಲಿ ನಡೆದ ಮಾತುಕತೆಯನ್ನು, ಅಲ್ಲೇ ಟೀ ಕುಡಿಯುತ್ತಿದ್ದವರ ಹೇಳಿಕೆಯಂತೆ, ಕೆಳಗೆ ದಾಖಲಿಸಲಾಗಿದೆ:

‘ಏನೇ ಇದು, ಕ್ರ್ಯಾಂಕ್ ಮೇಲೆ?’
‘ಗೀರು, ಅತ್ತೆ.’
‘ಆಫೀಸಲ್ಲಿ ಅತ್ತೆ ಅನ್ಬೇಡ. ಏನಿದು?’
‘ಗೀರು, ಮೇಡಂ.’
‘ಯಾಕ್ ಬಿತ್ತು?’
‘ಓಡಿಸ್ದೆ, ಬಿತ್ತು.’
‘ಓಡ್ಸು ಅಂತ ಕೊಟ್ರೆ ಓಡ್ಸೇಬಿಡೋದಾ?’

ಈ ಪ್ರಶ್ನೆಯನ್ನು ಕಡತಕ್ಕೆ ಸೇರಿಸಲಾಗಿದೆ.

ತಾಂತ್ರಿಕ ಅಭಿಪ್ರಾಯಕ್ಕಾಗಿ ಇಲಾಖೆಯ ಮೆಕ್ಯಾನಿಕ್ ಅವರನ್ನು ಕೋರಲಾಯಿತು. ಅವರು ಗ್ರೀಸ್ ಕೈಯನ್ನು ಪ್ಯಾಂಟಿಗೆ ಒರೆಸುತ್ತ ಹೀಗೆ ಹೇಳಿರುತ್ತಾರೆ: ‘ತುಳಿಯುವಾಗ ಶೂ ಉಜ್ಜತ್ತೆ, ಕ್ರ್ಯಾಂಕ್ ಬಣ್ಣ ಹೋಗತ್ತೆ. ಕಲ್ಲು ಹತ್ತಿ ಇಳಿದ್ರೆ ಚೈನ್ ಕುಣಿದು ಫ್ರೇಮಿಗೆ ಬಡಿಯತ್ತೆ. ಬ್ರೇಕ್ ಕೇಬಲ್ ಅಲ್ಲಾಡಿ ಅಲ್ಲಾಡಿ ಮುಂದೊಂದು ಬಿಳಿ ಕಲೆ. ಇವೆಲ್ಲ ಮೇಲ್ಮೇಲೆ ಅಷ್ಟೇ ಅಮ್ಮಾ. ಸೈಕಲ್ ಕಲ್ಲು ಇದ್ದಂಗಿದೆ. ನಕ್ಕೂ ನಕ್ಕೂ ಮುಖದ ಮೇಲೆ ಗೆರೆ ಬೀಳಲ್ವಾ, ಹಂಗೆ.’ ಸೈಕಲ್ಲಿಗೆ ಮುಖವಿಲ್ಲವಾದ್ದರಿಂದ ಈ ಅಭಿಪ್ರಾಯವನ್ನು ಕೈಬಿಡಲಾಗಿದೆ.

ತತ್ಪರಿಣಾಮವಾಗಿ ಉಲ್ಲೇಖ (1) ಮತ್ತು (2)ರ ಸುತ್ತೋಲೆಗಳನ್ನು ಹೊರಡಿಸಿ, ಈ ಕೆಳಕಂಡ ಷರತ್ತುಗಳನ್ನು ವಿಧಿಸಲಾಗಿತ್ತು:

1. ಸವಾರರು ಶೂಗಳ ಮೇಲೆ ಉಣ್ಣೆಯ ಕಾಲುಚೀಲ ಧರಿಸತಕ್ಕದ್ದು. ಕಾಲುಚೀಲ ಪೆಡಲಿನಿಂದ ಜಾರಿದಲ್ಲಿ ಅದು ಕಾಲುಚೀಲದ ತಪ್ಪಾಗಿರುತ್ತದೆ.

2. ಚೈನು ಕುಣಿಯತಕ್ಕದ್ದಲ್ಲ. ಕುಣಿಯುವ ಚೈನಿಗೆ ಮೊದಲು ಮೌಖಿಕವಾಗಿ ಎಚ್ಚರಿಕೆ ಕೊಟ್ಟು, ಆಗಲೂ ಕೇಳದಿದ್ದಲ್ಲಿ ಅದು ಬಡಿಯುವ ಜಾಗಕ್ಕೆ ಹಳೆಯ ಟವೆಲ್ ಸುತ್ತತಕ್ಕದ್ದು.

3. ಫ್ರೇಮು, ಫೋರ್ಕು, ಪೆಡಲು ಮತ್ತು ಹ್ಯಾಂಡಲ್ಲಿನ ತುದಿಗಳಿಗೆ ದಪ್ಪ ಬಟ್ಟೆ ಸುತ್ತಿ, ದಾರದಿಂದ ಕಟ್ಟಿ, ಸೈಕಲ್ಲು ಜ್ವರ ಬಂದ ಮಗುವಿನಂತೆ ಕಾಣುವ ಹಾಗೆ ನೋಡಿಕೊಳ್ಳತಕ್ಕದ್ದು.

4. ದಾರಿಯಲ್ಲಿ ಕಲ್ಲು, ಬೇರು, ಪೊದೆ, ಮರಳು, ಕೆಸರು ಅಥವಾ ದಾರಿ ಕಂಡುಬಂದಲ್ಲಿ ಸವಾರರು ಇಳಿದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಸಾಗತಕ್ಕದ್ದು.

5. ಹೆಗಲಿಗೆ ಗೀರು ಬಿದ್ದಲ್ಲಿ ಅದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಸದರಿ ಷರತ್ತುಗಳನ್ನು ಪರಿವೀಕ್ಷಕಿಯವರು ಹಲ್ಲು ಕಚ್ಚಿಕೊಂಡು ಪಾಲಿಸಿದ್ದಾರೆಂದು ಒಪ್ಪಿಕೊಳ್ಳಲಾಗಿದೆ. ಗುಡ್ಡಕ್ಕೆ ವಾಯುವಿಹಾರಕ್ಕೆ ಬರುವ ಸಾರ್ವಜನಿಕರು, ಸೈಕಲ್ಲೇ ಇವರ ಮೇಲೆ ಸವಾರಿ ಮಾಡುತ್ತಿರುವುದನ್ನು ಕಂಡು, ‘ಏನಮ್ಮಾ, ಅದಕ್ಕೆ ಕಾಲು ನೋವಾ?’ ಎಂದು ಕೇಳಿದ್ದು, ಇವರು ‘ಹೂಂ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ’ ಎಂದು ಉತ್ತರಿಸಿರುತ್ತಾರೆ. ಸಾರ್ವಜನಿಕರ ಪ್ರಶ್ನೆಗೆ ಸೌಜನ್ಯದಿಂದ ಉತ್ತರಿಸಿದ್ದಕ್ಕಾಗಿ ಇಲಾಖೆಯ ಮೆಚ್ಚುಗೆಯನ್ನು ಈ ಮೂಲಕ ದಾಖಲಿಸಲಾಗಿದೆ. ದಾರಿ ತಪಾಸಣೆ ಅರ್ಧಕ್ಕರ್ಧ ಬಾಕಿ ಉಳಿಯಿತೆಂಬುದನ್ನು ದಾಖಲಿಸಲಾಗಿಲ್ಲ.

ಇಷ್ಟಾದರೂ ಗೀರುಗಳು ಬಿದ್ದೇ ಬಿದ್ದವು. ಯಾಕೆಂದರೆ ಕಲ್ಲಿಲ್ಲದ ತಿರುವಿನಲ್ಲಿ, ಯಾರೂ ಕಾಣದಿದ್ದಾಗ, ಪರಿವೀಕ್ಷಕಿಯವರು ಹತ್ತಿ ತುಳಿಯುತ್ತಿದ್ದರು. ತುಳಿಯದೆ ಇರಲು ಇವರಿಂದ ಆಗುತ್ತಿರಲಿಲ್ಲ.

ಆದಕಾರಣ ಆರನೆಯ ಷರತ್ತನ್ನು ಸೇರಿಸಲಾಯಿತು. ಇದನ್ನು ಬರೆದವರು ಪಾಲಕಿಯವರೇ:

6. ಎರಡನೆಯ ಸೈಕಲ್ಲನ್ನು ‘ಮಾದರಿ ಸೈಕಲ್ಲು’ ಎಂದು ಘೋಷಿಸಲಾಗಿದೆ. ಅದನ್ನು ಯಾರೂ ಓಡಿಸತಕ್ಕದ್ದಲ್ಲ. ಅದು ಸಭಾಂಗಣದಲ್ಲಿ ಪಾಲಕಿಯವರ ವಶದಲ್ಲಿರತಕ್ಕದ್ದು. ಉಪನಿರ್ದೇಶಕರು ಪ್ರವಾಸದಿಂದ ಹಿಂದಿರುಗಿದ ಮೇಲೆ ಅವರ ಸಮಕ್ಷಮದಲ್ಲಿ ಅಂತಿಮ ಹೋಲಿಕೆ ನಡೆಸಿ, ಪರಿವೀಕ್ಷಕಿಯವರ ಸೈಕಲ್ಲಿನಲ್ಲಿ ಮಾದರಿಗಿಂತ ಹೆಚ್ಚು ಗೀರು ಕಂಡುಬಂದಲ್ಲಿ, ಸೈಕಲ್ಲನ್ನು ಹಿಂಪಡೆದು, ಪರಿವೀಕ್ಷಕಿಯವರನ್ನು ಟಪಾಲು ವಿಭಾಗದಲ್ಲಿ ಕೂರಿಸತಕ್ಕದ್ದು. ಗೀರು ಬೀಳಲು ಸವಾರಿಯೊಂದೇ ಕಾರಣವೆಂದು ಪರಿಗಣಿಸತಕ್ಕದ್ದು. ಬೇರೆ ಕಾರಣ ಹೇಳತಕ್ಕದ್ದಲ್ಲ.

ಟಪಾಲು ವಿಭಾಗವು ನೆಲಮಹಡಿಯ ಹಿಂಬದಿಯಲ್ಲಿದ್ದು, ಅದರ ಕಿಟಕಿಯಿಂದ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ. ಗೋಡೆ ಚೆನ್ನಾಗಿದೆ. ಗುಡ್ಡವಲ್ಲ. ಅಲ್ಲಿ ಹಿಡಿಯಿಲ್ಲದ ಕುರ್ಚಿಯೊಂದನ್ನು ಇವರಿಗಾಗಿ ಒರೆಸಿಯೂ ಇಡಲಾಯಿತು. ಆ ಕುರ್ಚಿಯನ್ನು ನೋಡಿ ಬಂದ ದಿನ ಪರಿವೀಕ್ಷಕಿಯವರಿಗೆ ಊಟ ಸೇರಲಿಲ್ಲ. ಮೆಟ್ಟಿಲ ಮೇಲೆ ನಿಂತು ಉಲ್ಲೇಖ (4)ರ ಮನವಿಯನ್ನು ಸಲ್ಲಿಸಿದರು:

‘ಮಾದರೀನ ಯಾರೂ ಓಡ್ಸೋದೇ ಇಲ್ಲ, ಅದಕ್ಕೆಲ್ಲಿಂದ ಬರತ್ತೆ ಗೀರು? ನಂದಕ್ಕೆ ಒಂದಿದ್ರೂ ನಾನ್ ಸೋತೆ ತಾನೇ? ಇದ್ಯಾವ ಲೆಕ್ಕ ಅತ್ತೆ... ಮೇಡಂ... ಅಯ್ಯೋ, ಏನಾದ್ರೂ ಅಂದ್ಕೊಳಿ! ಆ ಗೋಡೆ ನೋಡ್ಕೊಂಡು ನಾನು ಹುಚ್ಚಿ ಆಗ್ತೀನಿ!’

ಪಾಲಕಿಯವರು ಕಿಂಡಿಯ ಬಾಗಿಲು ಎಳೆದುಕೊಂಡರು. ಅಂದಿನಿಂದ ಮನೆಯಲ್ಲಿ ಇಬ್ಬರ ನಡುವೆ ಮಾತು ನಿಂತಿದ್ದು, ‘ಉಪ್ಪು ಬೇಕು ಅಂತ ಹೇಳು’, ‘ಉಪ್ಪು ಅಲ್ಲೇ ಇದೆ ಅಂತ ಹೇಳು’ ಎಂಬ ವ್ಯವಹಾರವು ಪರಿವೀಕ್ಷಕಿಯವರ ತಂದೆಯವರ ಮುಖಾಂತರ ನಡೆಯುತ್ತಿತ್ತು. ಅವರಿಗೆ ತಂಗಿಯೂ ಬೇಕು, ಮಗಳೂ ಬೇಕು. ಉಪ್ಪಿನ ಡಬ್ಬಿಯನ್ನು ಅವರು ಜೇಬಿನಲ್ಲೇ ಇಟ್ಟುಕೊಳ್ಳತೊಡಗಿದ್ದರು.

ಮಾದರಿ ಸೈಕಲ್ಲಿನ ನಿರ್ವಹಣೆ

ಉಪನಿರ್ದೇಶಕರ ಪ್ರವಾಸ ಮುಂದುವರಿಯುತ್ತ ಹೋದ ಕಾರಣ, ಪ್ರತಿ ಸಂಜೆ ಒಂದು ಪೂರ್ವಭಾವಿ ಹೋಲಿಕೆ ನಡೆಸುವುದು ರೂಢಿಯಾಯಿತು. ರೂಢಿ ಹೀಗಿತ್ತು. ಪರಿವೀಕ್ಷಕಿಯವರ ಸೈಕಲ್ಲನ್ನು ಸಭಾಂಗಣಕ್ಕೆ ತಂದು, ಮಾದರಿಯ ಪಕ್ಕಕ್ಕೆ ತಗುಲಿಸಿ ನಿಲ್ಲಿಸುವುದು. ಇವರ ಸೈಕಲ್ಲಿನ ಬಟ್ಟೆ ಸರಿಸಿ, ಎಲ್ಲಿ ಗೀರಿದೆಯೋ ನೋಡಿ, ಮಾದರಿಯಲ್ಲಿ ಅದೇ ಜಾಗವನ್ನು ಸ್ಟೀಲ್ ಸ್ಕೇಲಿನಿಂದ ಅಳೆದು ಹುಡುಕುವುದು. ಅಲ್ಲಿ ‘ಇಲ್ಲಿ ಗೀರಿಲ್ಲ’ ಎಂದು ಬರೆದ ಗಮ್ ಚೀಟಿಯನ್ನು ಗಟ್ಟಿಯಾಗಿ ಅಂಟಿಸುವುದು. ಮರುದಿನ ಅದನ್ನು ಉಗುರಿನಿಂದ ಕೆರೆದು ಕಿತ್ತು, ಹೊಸ ದಿನದ ಹೊಸ ಚೀಟಿ ಅಂಟಿಸುವುದು.

ಚೀಟಿಯ ಜೊತೆ ಬಣ್ಣವೂ ಕಿತ್ತು ಬರುತ್ತಿತ್ತು. ಬಣ್ಣ ಹೋದ ಜಾಗದ ಮೇಲೆ ‘ಇಲ್ಲಿ ಗೀರಿಲ್ಲ’ ಎಂಬ ಹೊಸ ಚೀಟಿ ಬೀಳುತ್ತಿತ್ತು.

ಪರಿವೀಕ್ಷಕಿಯವರ ಸೈಕಲ್ಲು ಮೂರನೆಯ ಷರತ್ತಿನಂತೆ ಬಟ್ಟೆ ಹೊದ್ದುಕೊಂಡಿದ್ದರಿಂದ ಅದಕ್ಕೇನೂ ತಾಗುತ್ತಿರಲಿಲ್ಲ. ದೂಡಿದಾಗ, ಎಳೆದಾಗ, ಬಾಗಿಲು ದಾಟಿಸಿದಾಗ ತಾಗಿಸಿಕೊಂಡಿದ್ದೆಲ್ಲ ಬರಿಮೈಯ ಮಾದರಿಯೇ. ಇನ್ನು ಹಗಲಿನಲ್ಲಿ ಸಭೆಗೆ ಬಂದವರು ಅದರ ಹ್ಯಾಂಡಲ್ಲಿಗೆ ಛತ್ರಿ, ಸೀಟಿನ ಮೇಲೆ ಟೀ ತಟ್ಟೆ, ಪೆಡಲಿನ ಮೇಲೆ ಕಾಲು ಇಡುತ್ತಿದ್ದರು. ಕುರ್ಚಿ ಹಿಂದಕ್ಕೆ ತಳ್ಳಿದಾಗಲೆಲ್ಲ ಫೋರ್ಕಿಗೆ ಒಂದು ಏಟು. ಸಾಲದ್ದಕ್ಕೆ ಪಾಲಕಿಯವರು ಅದನ್ನು ಅಕ್ಕರೆಯಿಂದ, ದಿನವೂ, ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕುತ್ತಿದ್ದರು.

ಇದು ಯಾರ ಕಣ್ಣಿಗೂ ಬೀಳಲಿಲ್ಲ. ಮಾದರಿಯ ಮೇಲೆ ಗೀರು ಇರಲು ಸಾಧ್ಯವಿಲ್ಲವೆಂದು ಸುತ್ತೋಲೆ ಹೇಳಿದ್ದರಿಂದ, ಯಾರೂ ನೋಡಿರಲಿಲ್ಲ.

ಅಂತಿಮ ಹೋಲಿಕೆ

ಉಪನಿರ್ದೇಶಕರು ಹಿಂದಿರುಗಿದರು. ಹೋಲಿಕೆ ಮಧ್ಯಾಹ್ನಕ್ಕೆ ನಿಗದಿಯಾಯಿತು. ಆ ಬೆಳಿಗ್ಗೆ ಪರಿವೀಕ್ಷಕಿಯವರು ಸೈಕಲ್ಲಿನ ಬಟ್ಟೆಗಳನ್ನೆಲ್ಲ ಬಿಚ್ಚಿ, ಕಾಲುಚೀಲ ಕಿತ್ತೊಗೆದು, ಗುಡ್ಡದ ತುದಿಯ ನೀರಿನ ಟ್ಯಾಂಕಿನವರೆಗೂ ಒಂದೇ ಉಸಿರಿಗೆ ತುಳಿದರು. ಇದು ಒಂದರಿಂದ ನಾಲ್ಕರವರೆಗಿನ ಎಲ್ಲ ಷರತ್ತುಗಳ ಉಲ್ಲಂಘನೆಯಾಗಿರುತ್ತದೆ. ಹೇಗೂ ಹೋಗುವುದೇ, ಹೋಗುವ ಮುಂಚೆ ಒಮ್ಮೆ ಹೊಟ್ಟೆ ತುಂಬ ಇಳಿದುಬಿಡೋಣ ಎಂದು ಇವರ ಮನಸ್ಸಿನಲ್ಲಿತ್ತು. ಇಳಿದರು. ಬೇರುಗಳು ಟಕಟಕ ಎಂದವು, ಚೈನು ಕುಣಿಯಿತು, ಅದಕ್ಕೆ ಯಾರೂ ಎಚ್ಚರಿಕೆ ಕೊಡಲಿಲ್ಲ. ಕೆಸರು ಹಣೆಯವರೆಗೆ ಹಾರಿತು. ಕೊನೆಯ ತಿರುವಿನಲ್ಲಿ ಇವರು ಎರಡೂ ಬ್ರೇಕು ಬಿಟ್ಟು ‘ಹೋ...ಯ್’ ಎಂದು ಕೂಗಿದ್ದು ಕಚೇರಿಯ ಮೇಲ್ಮಹಡಿಗೆ ಕೇಳಿಸಿದ್ದು, ಟೈಪ್ ಮಾಡುತ್ತಿದ್ದವರೊಬ್ಬರು ಕಾರಣವಿಲ್ಲದೆ ನಕ್ಕಿರುತ್ತಾರೆ.

ಮಧ್ಯಾಹ್ನ ಸಭಾಂಗಣದಲ್ಲಿ ಎರಡೂ ಸೈಕಲ್ಲುಗಳನ್ನು ಬೆಳಕಿಗೆ ತಂದು ನಿಲ್ಲಿಸಲಾಯಿತು. ಮಾದರಿಯ ಮೈಮೇಲಿದ್ದ ಚೀಟಿಗಳನ್ನೆಲ್ಲ ಕೀಳಲು ಉಪನಿರ್ದೇಶಕರು ಆದೇಶಿಸಿದರು. ಕೀಳಲಾಯಿತು. ಎಲ್ಲರೂ ಹತ್ತಿರ ಬಂದು ನೋಡಿದರು.

ಒಂದರ ಮೇಲೆ ಅಲ್ಲೊಂದು ಇಲ್ಲೊಂದು ಗೀರು, ಕ್ರ್ಯಾಂಕಿನಲ್ಲಿ ಬೆಳ್ಳಿಯ ಹೊಳಪು, ಅಷ್ಟೆ. ಮತ್ತೊಂದು ಬೀದಿನಾಯಿಗಳ ಜಗಳ ಬಿಡಿಸಿ ಬಂದಂತಿತ್ತು. ಆ ಎರಡನೆಯದೇ ಮಾದರಿ.

‘ಯಾವ್ದು ಯಾವ್ದು?’ ಎಂದು ಉಪನಿರ್ದೇಶಕರು ಕೇಳಿದರು.

‘ಸವೆದಿರೋದು ಓಡ್ಸದೇ ಇರೋದು ಸಾರ್,’ ಎಂದು ಮೆಕ್ಯಾನಿಕ್ ಅವರು ನಿವೇದಿಸಿದರು. ‘ಚೆನ್ನಾಗಿರೋದು ದಿನಾ ಗುಡ್ಡ ಹತ್ತೋದು.’

ಪರಿವೀಕ್ಷಕಿಯವರಿಗೆ ನಗು ಒತ್ತರಿಸಿ ಬಂತು. ಆದರೆ ನಗಲು ಸಮಯ ಸಿಗಲಿಲ್ಲ. ಏಕೆಂದರೆ ಉಪನಿರ್ದೇಶಕರು ಕನ್ನಡಕ ತೆಗೆದು, ಒರೆಸಿ, ಸಮಸ್ಯೆಗೆ ಸರಳವಾದ ಪರಿಹಾರವನ್ನು ಹೇಳಿಬಿಟ್ಟಿದ್ದರು: ‘ಓಡಿಸಿಲ್ಲ ಅಂದ್ಮೇಲೆ ಇವು ಗೀರೇ ಅಲ್ಲ. ಮಾದರಿ ಗೀರು ಸೊನ್ನೆ ಅಂತ ಬರ್ಕೊಳಿ. ಪಾಲಕಿಯವರೇ, ನಿಮ್ಮ ವಶದಲ್ಲಿತ್ತು, ನೀವೊಂದು ಸಹಿ ಹಾಕ್ಬಿಡಿ. ಮುಗೀತು.’

ಸಹಿ ಬಿದ್ದರೆ ಸೈಕಲ್ಲು ಹೋಯಿತು, ಗುಡ್ಡ ಹೋಯಿತು, ಗೋಡೆ ಬಂತು. ಸಹಿ ಬೀಳದಿದ್ದರೆ ಪಾಲಕಿಯವರ ವಶದಲ್ಲಿದ್ದ ವಸ್ತು ಅವರ ಕಣ್ಣೆದುರಿಗೇ ಹಾಳಾಯಿತೆಂದು ಎಲ್ಲರ ಮುಂದೆ ಒಪ್ಪಿಕೊಂಡಂತೆ. ಪೆನ್ನು ಅವರ ಕೈಯಲ್ಲಿತ್ತು. ಪರಿವೀಕ್ಷಕಿಯವರು ನೆಲ ನೋಡುತ್ತ ನಿಂತರು.

ಪಾಲಕಿಯವರು ಬಗ್ಗಿ, ಮಾದರಿಯ ಫ್ರೇಮಿನ ಮೇಲೆ ಬೆರಳು ಆಡಿಸಿದರು. ಬಹಳ ಹೊತ್ತು ಆಡಿಸಿದರು.

‘ಗೀರು ಗೀರೇ ಸಾರ್,’ ಎಂದರು. ‘ನಮ್ಮಣ್ಣನ ಮಗಳ ಸೈಕಲ್ ಮೇಲಿದ್ರೆ ಗೀರು, ನನ್ನ ಸೈಕಲ್ ಮೇಲಿದ್ರೆ ಸೊನ್ನೆ, ಅದೆಲ್ಲಿ ನ್ಯಾಯ? ನಾನ್ ಸಹಿ ಹಾಕಲ್ಲ.’

‘ಹಾಗಾದ್ರೆ ಮಾದರಿಗೇ ಜಾಸ್ತಿ ಗೀರು ಅಂತಾಗತ್ತಲ್ರೀ!’

‘ಆಗ್ಲಿ.’

‘ಆರನೇ ಷರತ್ತಲ್ಲಿ ಗೀರಿಗೆ ಸವಾರಿ ಒಂದೇ ಕಾರಣ ಅಂತ ಬರ್ದಿದೀರಿ. ಅಂದ್ರೆ ಇದನ್ನ ಯಾರೋ ಓಡ್ಸಿದಾರೆ. ನಿಮ್ಮ ವಶದಲ್ಲಿತ್ತು. ಅಂದ್ರೆ...’

‘ನಾನೇ ಬರ್ದಿದ್ದು ಸಾರ್, ನಂಗೊತ್ತಿಲ್ವಾ? ನಾನೇ ಓಡ್ಸಿದೀನಿ ಅಂತ ಬರ್ಕೊಳಿ.’

ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಪಾಲಕಿಯವರು ಜನ್ಮದಲ್ಲಿ ಸೈಕಲ್ಲು ಹತ್ತಿದವರಲ್ಲವೆಂಬುದು ಕಚೇರಿಗೆಲ್ಲ ಗೊತ್ತಿದ್ದ ಸಂಗತಿ. ‘ಅತ್ತೆ!’ ಎಂದು ಪರಿವೀಕ್ಷಕಿಯವರು ಬಾಯಿಬಿಟ್ಟು ಕೂಗಿಬಿಟ್ಟರು. ಆಫೀಸು ಎಂಬುದು ಆ ಕ್ಷಣ ಇಬ್ಬರಿಗೂ ನೆನಪಾಗಲಿಲ್ಲ.

ಆದೇಶ

ಮೇಲೆ ವಿವರಿಸಿದ ಸಂಗತಿಗಳ ಹಿನ್ನೆಲೆಯಲ್ಲಿ, ಹಿಂದಿನ ಎಲ್ಲ ಸುತ್ತೋಲೆಗಳನ್ನು ತಪ್ಪೆಂದು ಒಪ್ಪಿಕೊಳ್ಳದೆ ಮಾರ್ಪಡಿಸಿ, ಈ ಮೂಲಕ ಸಮಸ್ತ ಸಿಬ್ಬಂದಿಗೆ ಸೂಚಿಸಲಾಗಿದೆ:

7. ಪರಿವೀಕ್ಷಕಿಯವರ ಸೈಕಲ್ಲಿನಲ್ಲಿ ಮಾದರಿಗಿಂತ ಗೀರುಗಳು ಬಹಳ ಕಡಿಮೆ ಇರುವುದು ಸಾಬೀತಾಗಿದ್ದು, ಇದನ್ನು ‘ಗೀರು ಕೊರತೆ’ ಎಂದು ಪರಿಗಣಿಸಲಾಗಿದೆ. ಕೊರತೆ ತುಂಬುವವರೆಗೂ ಇವರು ಗುಡ್ಡದಲ್ಲಿ ಧಾರಾಳವಾಗಿ, ಬಟ್ಟೆ ಸುತ್ತದೆ, ಸವಾರಿ ಮಾಡತಕ್ಕದ್ದು. ಸೈಕಲ್ಲು ಹೊತ್ತುಕೊಂಡು ಹೋಗುವುದು ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

8. ಮಾದರಿಗೆ ಸಭಾಂಗಣದಲ್ಲಿ ದಿನದಿನವೂ ಹೊಸ ಗೀರು ಬೀಳುತ್ತಿರುವುದರಿಂದ ಮೇಲ್ಕಂಡ ಕೊರತೆ ಎಂದಿಗೂ ತುಂಬುವ ಸಂಭವವಿಲ್ಲ ಎಂದು ಪರಿವೀಕ್ಷಕಿಯವರು ಲಿಖಿತವಾಗಿ, ಮೂರು ಉದ್ಗಾರ ಚಿಹ್ನೆಗಳೊಂದಿಗೆ, ತಿಳಿಸಿರುತ್ತಾರೆ. ಗಮನಿಸಲಾಗಿದೆ.

9. ಆದಾಗ್ಯೂ ಇಲಾಖೆಯ ಆಸ್ತಿಯ ಹಿತದೃಷ್ಟಿಯಿಂದ, ಮಾದರಿ ಸೈಕಲ್ಲನ್ನು ಇನ್ನಷ್ಟು ಹಾಳಾಗದಂತೆ ಕಾಪಾಡಲು ಇರುವ ಒಂದೇ ಉಪಾಯವೆಂದರೆ ಅದನ್ನು ಗುಡ್ಡದಲ್ಲಿ ಓಡಿಸುವುದೆಂದು ತೀರ್ಮಾನಿಸಲಾಗಿದೆ.

10. ದಾಸ್ತಾನು ಪಾಲಕಿಯವರು ತಾವೇ ಒಪ್ಪಿಕೊಂಡಿರುವಂತೆ ಅಪಾರ ಸವಾರಿ ಅನುಭವವುಳ್ಳವರಾದ್ದರಿಂದ, ಅವರನ್ನು ಹೆಚ್ಚುವರಿ ದಾರಿ ಪರಿವೀಕ್ಷಕಿಯನ್ನಾಗಿ ನೇಮಿಸಿ, ಮಾದರಿ ಸೈಕಲ್ಲನ್ನು ಅವರಿಗೇ ಕೊಡಲಾಗಿದೆ. ಬೆಳಿಗ್ಗೆ ಗುಡ್ಡ, ಮಧ್ಯಾಹ್ನದ ಮೇಲೆ ಉಗ್ರಾಣ.

11. ಅಪಾರ ಅನುಭವವುಳ್ಳ ಹೆಚ್ಚುವರಿ ಪರಿವೀಕ್ಷಕಿಯವರು ಸೈಕಲ್ಲು ಹತ್ತುವುದು ಹೇಗೆಂದು ಕಲಿಯುವವರೆಗೆ ಕಚೇರಿಯ ಹಿಂದಿನ ಅಂಗಳವನ್ನು ಖಾಲಿ ಇಡತಕ್ಕದ್ದು. ಆ ವೇಳೆ ಸೀಟನ್ನು ಹಿಂದಿನಿಂದ ಹಿಡಿದು ಓಡುವುದು ಪರಿವೀಕ್ಷಕಿಯವರ ಹೊಣೆ. ಕೈ ಬಿಟ್ಟ ಮೇಲೂ ‘ಹಿಡ್ಕೊಂಡಿದೀನಿ, ಹಿಡ್ಕೊಂಡಿದೀನಿ’ ಎಂದು ಕೂಗುವುದನ್ನು ಸುಳ್ಳು ಹೇಳಿಕೆಯೆಂದು ಪರಿಗಣಿಸಲಾಗುವುದಿಲ್ಲ.

12. ಕಿಟಕಿಗಳಲ್ಲಿ ನಿಂತು ಈ ಕಲಿಕೆಯನ್ನು ನೋಡುವ ಸಿಬ್ಬಂದಿಯು ಸರದಿಯ ಪ್ರಕಾರ ನಿಲ್ಲತಕ್ಕದ್ದು. ಎತ್ತರದವರು ಹಿಂದೆ.

13. ‘ಬ್ರೇಕ್ ಹಿಡೀರಿ!’, ‘ಮುಂದೆ ನೋಡಿ!’, ‘ಕಂಬ, ಕಂಬ, ಅತ್ತೆ, ಕಂಬ!’ ಮುಂತಾದ ಸೂಚನೆಗಳು ಅಧಿಕೃತವಾಗಿರುತ್ತವೆ. ಇಂತಹ ಸೂಚನೆಗಳಲ್ಲಿ ಅತ್ತೆ ಎಂಬ ಸಂಬೋಧನೆಗೆ ವಿನಾಯಿತಿ ನೀಡಲಾಗಿದೆ. ಕಂಬವನ್ನು ಸ್ಥಳಾಂತರಿಸುವ ಪ್ರಸ್ತಾವವನ್ನು ಪಾಲಕಿಯವರು ‘ಅದರ ತಪ್ಪೇನಿದೆ ಪಾಪ’ ಎಂದು ಆಕ್ಷೇಪಿಸಿದ್ದರಿಂದ ಕೈಬಿಡಲಾಗಿದೆ.

14. ದಿನನಿತ್ಯದ ಸವಾರಿ ಎಂಬ ಪದಕ್ಕೆ ಇದುವರೆಗೆ ವ್ಯಾಖ್ಯೆ ಇಲ್ಲದ್ದನ್ನು ಮನಗಂಡು, ಉಪನಿರ್ದೇಶಕರು ಖುದ್ದಾಗಿ ಪರಿವೀಕ್ಷಕಿಯವರ ಸೈಕಲ್ಲಿನಲ್ಲಿ ಒಂದು ಸುತ್ತು ಹೋಗಿ ಬಂದಿರುತ್ತಾರೆ. ಹೋದಾಗ ಟೈ ಇತ್ತು. ಬಂದು, ‘ಇನ್ನೊಂದ್ಸಲ ಹೋಗ್ಬಹುದಾ?’ ಎಂದು ತಮ್ಮ ಅಧೀನ ಸಿಬ್ಬಂದಿಯನ್ನೇ ಕೇಳಿದ್ದು, ಅನುಮತಿ ನೀಡಲಾಯಿತು. ವ್ಯಾಖ್ಯೆಯನ್ನು ಮುಂದೂಡಲಾಗಿದೆ.

15. ಇನ್ನು ಮುಂದೆ ಸೈಕಲ್ಲಿನ ಗೀರು, ತರಚು, ಬಣ್ಣಗೇಡುಗಳನ್ನು ಕಂಡವರು ‘ಅಯ್ಯೋ’ ಎನ್ನತಕ್ಕದ್ದಲ್ಲ, ‘ಎಲ್ಲಿ ಬಿತ್ತು?’ ಎಂದು ಕೇಳತಕ್ಕದ್ದು. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ನಿಂತು ಕೇಳಿಸಿಕೊಳ್ಳತಕ್ಕದ್ದು. ಉತ್ತರ ಉದ್ದವಿರುತ್ತದೆ. ಪರಿವೀಕ್ಷಕಿಯವರ ಉತ್ತರವಾದಲ್ಲಿ ಕುಳಿತುಕೊಳ್ಳಲು ಅವಕಾಶವಿದೆ. ಬ್ರೇಕು, ಟೈರು ಮತ್ತು ಚೈನಿನ ಒಳಗಿನ ಸವೆತವನ್ನು ಮಾತ್ರ ಮೆಕ್ಯಾನಿಕ್ ಅವರಿಗೆ ಕೂಡಲೇ ತೋರಿಸತಕ್ಕದ್ದು, ಅದು ತಮಾಷೆಯಲ್ಲ.

16. ಇಬ್ಬರೂ ಪರಿವೀಕ್ಷಕಿಯರು ಮೊದಲ ಬಾರಿಗೆ ಜೊತೆಯಾಗಿ ಗುಡ್ಡಕ್ಕೆ ಹೋಗಿ ಬಂದು ಸಲ್ಲಿಸಿರುವ ತಪಾಸಣಾ ವರದಿಯನ್ನು ಯಥಾವತ್ತಾಗಿ ಅಂಗೀಕರಿಸಲಾಗಿದೆ. ವರದಿ ಪಾಲಕಿಯವರ ಕೈಬರಹದಲ್ಲಿದ್ದು, ಕೆಳಗಿನಂತಿದೆ:

‘ಟ್ಯಾಂಕಿನ ಕೆಳಗೆ, ತಪಾಸಣೆ ಬಾಕಿ ಇದ್ದ ಇನ್ನೊಂದು ದಾರಿಗೆ ಅಡ್ಡಲಾಗಿ ಒಂದು ಮರ ಬಿದ್ದಿದೆ. ಬಿದ್ದು ಬಹಳ ದಿನ ಆದಂತಿದೆ. ಇಲ್ಲಿಯವರೆಗೆ ಏದುಸಿರು ಬಿಡುತ್ತ ಬಂದವರಿಗೆ ಕೂರಲು ಸರಿಯಾದ ಎತ್ತರದಲ್ಲಿದೆ. ಕೂತು ನೋಡಿದೆವು. ಇಲ್ಲಿಂದ ಇಡೀ ಊರು ಕಾಣುತ್ತದೆ, ನಮ್ಮ ಮನೆಯ ಮಾಡೂ ಕಾಣುತ್ತದೆ. ನಮ್ಮ ಪುಟ್ಟಿಯ (ಅಂದರೆ ಪರಿವೀಕ್ಷಕಿಯವರ) ಡಬ್ಬಿಯಲ್ಲಿ ಇದ್ದದ್ದನ್ನೆಲ್ಲ ನಾನೇ ತಿಂದೆ. ಪಕ್ಕದಲ್ಲಿ ಸೈಕಲ್ಲು ಹೋಗುವಷ್ಟು ಜಾಗ ಮಾಡಿಕೊಟ್ಟರೆ ಸಾಕು. ಮರ ಎತ್ತುವುದು ಬೇಡ.’

17. ಮರವನ್ನು ಎತ್ತತಕ್ಕದ್ದಲ್ಲ.

ಸಹಿ/-
ಉಪನಿರ್ದೇಶಕರು
ಗುಡ್ಡದಾರಿ ಉಸ್ತುವಾರಿ ಇಲಾಖೆ
(ಸಹಿಯನ್ನು ನಿಂತುಕೊಂಡು ಹಾಕಲಾಗಿದೆ, ಸದ್ಯಕ್ಕೆ ಕೂರಲು ಆಗುತ್ತಿಲ್ಲ)

ಪ್ರತಿಗಳು:
1. ಟಪಾಲು ವಿಭಾಗಕ್ಕೆ, ಒರೆಸಿಟ್ಟ ಕುರ್ಚಿಯ ಮೇಲೆ ಬೇರೆ ಯಾರಾದರೂ ಕೂರಬಹುದೆಂದು ತಿಳಿಸುತ್ತ.
2. ಸಭಾಂಗಣದ ಸಮಸ್ತ ಬಳಕೆದಾರರಿಗೆ, ಇನ್ನು ಮುಂದೆ ಛತ್ರಿಗಳನ್ನು ಗೋಡೆಯ ಮೊಳೆಗೆ ನೇತುಹಾಕುವ ಬಗ್ಗೆ.
3. ಮೆಕ್ಯಾನಿಕ್ ಅವರಿಗೆ, ‘ನಾನ್ ಆವತ್ತೇ ಹೇಳಿದ್ನಲ್ಲ’ ಎಂದು ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಹೇಳದಿರುವಂತೆ ಕೋರಿ.
4. ಗುಡ್ಡದ ವಾಯುವಿಹಾರಿಗಳಿಗೆ, ಇಳಿಜಾರಿನಲ್ಲಿ ಒಂದು ಕೂಗಿನ ಬದಲು ಎರಡು ಕೂಗು ಕೇಳಿಬಂದಲ್ಲಿ ಗಾಬರಿಯಾಗದೆ ದಾರಿಯ ಎಡಕ್ಕೆ ನಿಲ್ಲುವ ಬಗ್ಗೆ.
5. ಪರಿವೀಕ್ಷಕಿಯವರ ತಂದೆಯವರಿಗೆ, ಉಪ್ಪನ್ನು ಮೇಜಿನ ಮೇಲೆ ಇಡಬಹುದೆಂಬ ಅನುಮತಿಯೊಂದಿಗೆ.
6. ಪರಿವೀಕ್ಷಕಿ ಹಾಗೂ ಹೆಚ್ಚುವರಿ ಪರಿವೀಕ್ಷಕಿಯವರಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ. ಮರದ ಮೇಲೆ ಕೂತು ಓದಿಕೊಳ್ಳತಕ್ಕದ್ದು.